ಪಿಪೀಲಿಕಾ ಗಣಿತಸಾರ

ಮೊದಲು ಪೂರ್ವಪಕ್ಷ. ಇರುವೆಗೆ ಲೆಕ್ಕ ಬಾರದು, ಬಂದಿದ್ದರೆ ಚಿಟಿಕೆ ಸಕ್ಕರೆಗೆ ಊರಿಗೆ ಊರೇ ಹೊರಟು ಬರುತ್ತಿರಲಿಲ್ಲ ಎಂದು ಕ್ಯಾತ್ಸಂದ್ರದ ತಟ್ಟೆಇಡ್ಲಿ ಪಂಡಿತರು ವಾದಿಸುತ್ತಾರೆ. ಈ ವಾದ ನಿಲ್ಲದು. ಒಂದು ಮದುವೆ ಕಾಗದಕ್ಕೆ ನಾವು ಎಷ್ಟು ಜನ ಹೊರಡುತ್ತೇವೆಂದು ಯಾರೂ ಕೇಳಿಲ್ಲ.

ಇನ್ನು ಪ್ರಮಾಣ. ಟುನೀಸಿಯಾದ ಉಪ್ಪುಬಯಲಿನಲ್ಲಿ ವಿಟ್ಲಿಂಗರ್, ವೇನರ್, ವೋಲ್ಫ್ ಎಂಬ ಆಚಾರ್ಯತ್ರಯರು ಗೂಡಿನಿಂದ 10 ಮೀಟರ್ ನಡೆದುಬಂದ ಇರುವೆಗಳನ್ನು ಹಿಡಿದು, ಕೆಲವಕ್ಕೆ ಹಂದಿಯ ಕೂದಲಿನ ಮರಗಾಲು ಅಂಟಿಸಿದರು, ಕೆಲವುಗಳ ಕಾಲು ಮೊಟಕಿಸಿದರು (ಪಾಪ ಅವರಿಗೇ ಇರಲಿ). ವಾಪಸು ಹೊರಟಾಗ ಮರಗಾಲಿನವು 15 ಮೀಟರ್ ದಾಟಿ ಮನೆ ಹುಡುಕಿದವು, ಮೋಟುಗಾಲಿನವು 6 ಮೀಟರಿನೊಳಗೇ ಮನೆ ಬಂತೆಂದು ನಿಂತವು. ಹೆಜ್ಜೆಯ ಎಣಿಕೆಯಲ್ಲಿ ತಪ್ಪಿರಲಿಲ್ಲ, ಹೆಜ್ಜೆಯೇ ಬದಲಾಗಿತ್ತು. ಇದು 2006ರ ಮಾತು. ಅದಕ್ಕೂ ಮೊದಲು, 2001ರಲ್ಲಿ, ದಿಬ್ಬ ಹತ್ತಿಳಿಸಿದರೂ ಇರುವೆ ಏರಿಳಿತ ಕಳೆದು ನೆಲದ ದೂರವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ಸಿದ್ಧವಾಗಿತ್ತು. ಆದಕಾರಣ ತುಮಕೂರಿನ ಅಗೆದ ರಸ್ತೆಗಳಲ್ಲಿ ಗೊದ್ದ ಕಂಗೆಡದು. ಮೀಟರ್ ಹಾಕಿಯೇ ಓಡುವ ವಾಹನ ನಗರದಲ್ಲಿ ಸದ್ಯಕ್ಕೆ ಅದೊಂದೇ.

ಕುಣಿಗಲ್ಲಿನವರ ಆಕ್ಷೇಪ: ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರು ನಮ್ಮದು, ಲೆಕ್ಕದಲ್ಲಿ ಕುದುರೆಗೇ ಅಗ್ರಪೂಜೆ ಸಲ್ಲಬೇಕು. ಸಮಾಧಾನ: ಬರ್ಲಿನ್ನಿನ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಕೂಡಿಸಿ ಕಳೆದು ಕೀರ್ತಿ ಪಡೆದದ್ದು ನಿಜ. 1907ರಲ್ಲಿ ಫುಂಗ್ಸ್ಟ್ ಎಂಬ ಮನೋವಿಜ್ಞಾನಿ ಪರೀಕ್ಷಿಸಿದಾಗ, ಅದು ನೋಡುತ್ತಿದ್ದುದು ಪ್ರಶ್ನೆ ಕೇಳಿದವರ ಮುಖಭಾವವನ್ನು ಎಂದು ತಿಳಿಯಿತು. ಮೇಷ್ಟರ ಮುಖ ನೋಡಿ ಉತ್ತರ ಹೇಳಿದ ಇರುವೆ ಇನ್ನೂ ಸಿಕ್ಕಿಲ್ಲ.

ನಾಟಕದ ಊರಾದ ಗುಬ್ಬಿಯ ವಿಚಾರ ಗಹನವಾದದ್ದು, ಅದಕ್ಕೆ ಸೈಬೀರಿಯಾ ಸುತ್ತಿ ಬರಬೇಕು. ಅಲ್ಲಿ ರೆಜ್ನಿಕೋವಾ ಮತ್ತು ರ್‍ಯಾಬ್ಕೊ ಎಂಬ ಸಂಶೋಧಕರು ಸಾಲುಕೊಂಬೆಗಳ ಪೈಕಿ ಒಂದರಲ್ಲಿ ಮಾತ್ರ ಸಿಹಿ ಇಟ್ಟರು. ಅದನ್ನು ಕಂಡು ಬಂದ ಇರುವೆ ಬಳಗದ ಮೀಸೆಗೆ ಮೀಸೆ ತಾಗಿಸಿ ಎಷ್ಟನೆಯ ಕೊಂಬೆಯೆಂದು ತಿಳಿಸಿತು, ಆಮೇಲೆ ಆ ಇರುವೆಯನ್ನು ತೆಗೆದಿಟ್ಟರೂ ಉಳಿದವು ನೇರ ಅಲ್ಲಿಗೇ ಹೋದವು. ಸೈಡ್‌ವಿಂಗಿನ ಪ್ರಾಂಪ್ಟರ್ ವಿದ್ಯೆಯೇ ಇದು! ಕೊಂಬೆಯ ಅಂಕಿ ದೊಡ್ಡದಾದಷ್ಟೂ ಮಾತು ಉದ್ದವಾಯಿತು. ಸಿಹಿ ಪದೇ ಪದೇ 10 ಅಥವಾ 20ನೆಯ ಕೊಂಬೆಯಲ್ಲೇ ಸಿಗತೊಡಗಿದಾಗ ಮಾತ್ರ ಇರುವೆಗಳು ಆ ಅಂಕಿಗಳನ್ನು ಚುಟುಕಾಗಿ ಹೇಳಲು ಕಲಿತವು. ವೀರಣ್ಣನವರ ನಾಟಕ ಕಂಪನಿಯ ಊರಾದ ಗುಬ್ಬಿಯಲ್ಲಿ, ಬೆಳಗಿನ ಜಾವದವರೆಗೂ ಕೂತು ನಾಟಕ ನೋಡಿದವರ ಸಂತತಿ ಈ ಸಂಕ್ಷೇಪವನ್ನು ಒಪ್ಪೀತೇ ಎಂಬುದನ್ನು ಸ್ಥಳೀಯ ವಿದ್ವಾಂಸರಿಗೆ ಬಿಟ್ಟಿದ್ದೇವೆ.