ಮುಖವಿಲ್ಲದ ಕೂಸಿಗೆ ಹೆಸರಿಡುವ ಕ್ರಮ

ಮೊದಲು ತೊಟ್ಟಿಲು ಕಟ್ಟಿ. ಕೂಸು ಅಂದರೆ ಕರಿ ಪರದೆಯ ಮೇಲೆ ಟೈಪ್ ಮಾಡಿ ಓಡಿಸುವ, ಡೇಟಾಬೇಸಿನ ಚಾಕರಿ ಮಾಡುವ ಪುಟ್ಟ ಪ್ರೋಗ್ರಾಮು. ಐಕಾನಿಲ್ಲ, ಬಣ್ಣವಿಲ್ಲ, ಹೆಸರೊಂದೇ ಗುರುತು. ಹಾಗಾಗಿ ಕಿವಿಯಲ್ಲಿ ಕುರ್ರ್ ಎನ್ನುವ ಮುಂಚೆ ಹಾವೇರಿ ಜಿಲ್ಲೆಯಲ್ಲೊಂದು ಸುತ್ತು ಹಾಕಿ ಬನ್ನಿ.

ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಇಳಿಯಿರಿ. ಬರೇ ಆಲೂರು ಎಂದಿದ್ದರೆ ನಮ್ಮ ಬೀಗರು ಹಾಸನದ ಆಲೂರಿಗೆ ಹೋಗಿ ಕೂತಿರುತ್ತಿದ್ದರು. ಅಕ್ಕಿ ಹಚ್ಚಿದ್ದಕ್ಕೆ ಪಾರಾದೆವು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಹಿರಿಯರು ತಮ್ಮ ಕೂಸುಗಳಲ್ಲಿ ಪಿಜಿ_ಡಂಪ್, ಪಿಜಿ_ರಿಸ್ಟೋರ್ ಎಂದು ಕೆಲವಕ್ಕೆ ಮನೆತನದ ಹೆಸರು ಹಚ್ಚಿ, ಕ್ರಿಯೇಟ್‌ಯೂಸರ್ ಎಂಬುದನ್ನು ಹಾಗೇ ಬಿಟ್ಟರು. ಅದರಿಂದ ಹುಟ್ಟುವವನು ಡೇಟಾಬೇಸಿನ ಬಳಕೆದಾರ. ಲಿನಕ್ಸ್ ಯಂತ್ರಕ್ಕೇ ಬಳಕೆದಾರ ಬೇಕಿದ್ದರೆ ಯೂಸರ್‌ಆಡ್ ಎಂಬ ಬೇರೆ ಆಸಾಮಿಯನ್ನು ಕರೆಯಬೇಕು. ಡ್ರಾಪ್‌ಡಿಬಿ ಮಾತ್ರ ನೇರ ಮನುಷ್ಯ: ಮೈನಸ್ ಐ ಹಚ್ಚದಿದ್ದರೆ ‘ಹೌದೇನ್ರೀ?’ ಎಂದೂ ಕೇಳದೆ ಇಡೀ ಡೇಟಾಬೇಸು ಕೆಡವುತ್ತದೆ.

ಶಿಗ್ಗಾಂವಿ, ಶಿಗ್ಗಾವಿ, ಶಿಗ್ಗಾಂವ: ಬೋರ್ಡು ಹೇಗೆ ಬರೆದರೂ ಬಸ್ಸು ಊರು ಮುಟ್ಟುತ್ತದೆ. ಕಂಪ್ಯೂಟರು ಕಂಡಕ್ಟರಲ್ಲ, ಒಂದು ಸೊನ್ನೆ ಬಿಟ್ಟರೆ ಅಂಥ ಕಮಾಂಡೇ ಇಲ್ಲ ಅನ್ನುತ್ತದೆ. ಹೆಸರನ್ನು ಫೋನಿನಲ್ಲಿ ಹೇಳಿ ಬರೆಸಿ ನೋಡಿ.

ಸವಣೂರಿನಲ್ಲಿ ದೊಡ್ಡಹುಣಸೆ ಮರದ ಕೆಳಗೆ ನಿಲ್ಲಿ. ಬುಡ ತಬ್ಬಲು ಒಬ್ಬಿಬ್ಬರ ತೋಳು ಸಾಲದು. ಅದು ಹುಣಸೆಯಲ್ಲ, ಆಫ್ರಿಕಾದ ಬಾವೊಬಾಬ್. ಮರವಾದ್ದರಿಂದ ತಪ್ಪು ಹೆಸರು ನಡೆಯಿತು. ಪೋಸ್ಟ್‌ಗ್ರೆಸ್‌ನ ಪಿಜಿ_ಎಕ್ಸ್‌ಲಾಗ್ ಫೋಲ್ಡರಿಗೆ ನಡೆಯಲಿಲ್ಲ. ಕರೆಂಟು ಹೋಗಿ ಬಂದಾಗ ಡೇಟಾಬೇಸು ಎದ್ದು ನಿಲ್ಲುವುದೇ ಅದರಲ್ಲಿ ಮುಂಚಿತವಾಗಿ ಬರೆದಿಟ್ಟ ಟಿಪ್ಪಣಿಗಳಿಂದ. ಆದರೆ ಹೆಸರಲ್ಲಿ ಲಾಗ್ ಇತ್ತಲ್ಲ, ಡಿಸ್ಕ್ ತುಂಬಿದಾಗ ಜನ ಹಳೇ ಕಸವೆಂದು ಅಳಿಸಿದರು. ನಾನೂ ಅಳಿಸಿದೆ, ಒಂದು ಗೊಬ್ಬರದಂಗಡಿಯ ಉದ್ರಿ ಲೆಕ್ಕ. ಮಾಲೀಕರು ಪರದೆ ನೋಡಿ, ‘ಆತು ಬಿಡ್ರಿ, ಉದ್ರಿ ಒಯ್ದವರಿಗೆ ಇವತ್ತ ಹಬ್ಬ’ ಅಂದರು. 2017ರ 10ನೇ ಆವೃತ್ತಿಯಲ್ಲಿ ಫೋಲ್ಡರು ಪಿಜಿ_ವಾಲ್ ಆಯಿತು. ಪಿಜಿ_ರಿಸೆಟ್‌ಎಕ್ಸ್‌ಲಾಗ್ ಎಂಬ ಸಲಕರಣೆಯೂ ಪಿಜಿ_ರಿಸೆಟ್‌ವಾಲ್ ಆಯಿತು. ವಾಲ್ ಅಂದರೇನೆಂದು ಹೊಸಬರಿಗೆ ತಿಳಿಯುವುದಿಲ್ಲ, ನಿಜ. ತಿಳಿಯದ್ದನ್ನು ಮುಟ್ಟಲು ಹೆದರುತ್ತಾರೆ, ಅಷ್ಟು ಸಾಕು.

ಕೊನೆಗೆ ಹಿರೇಕೆರೂರು. ಅದೇ ತಾಲ್ಲೂಕಿನಲ್ಲಿ ಚಿಕ್ಕೇರೂರು. ಇವೆರಡರ ನಂಟನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಪಿಜಿ_ಡಂಪ್ ಒಂದು ಡೇಟಾಬೇಸಿನ ಪ್ರತಿ ತೆಗೆದರೆ ಪಿಜಿ_ಡಂಪ್‌ಆಲ್ ಎಲ್ಲವನ್ನೂ ತೆಗೆಯುತ್ತದೆ. ಅದನ್ನೂ ಯಾರೂ ಬಿಡಿಸಿ ಹೇಳಬೇಕಿಲ್ಲ.

ಈಗ ಸೋದರತ್ತೆಯನ್ನು ಕರೆಯಿರಿ. ಕಿವಿಯಲ್ಲಿ ಹೆಸರು ಹೇಳಿದೊಡನೆ ಸುತ್ತಲಿನವರು ಬೆನ್ನಿಗೆ ಗುದ್ದುತ್ತಾರೆ, ಅದು ಪದ್ಧತಿ. ಹೆಸರು ‘ಟೆಸ್ಟ್2_ಹೊಸದು’ ಎಂದಾಗಿದ್ದರೆ ಸ್ವಲ್ಪ ಜೋರಾಗಿಯೇ ಗುದ್ದಲಿ.