ಓವನ್‌ನಲ್ಲಿ ಹಿಟ್ಟಿದೆ, ಜೋಕೆ

ಬಾಡಿಗೆಯದಾದರೂ ಹೊಸ ಮನೆ ಹೊಸ ಮನೆಯೇ, ಹಾಲು ಉಕ್ಕಿಸಬೇಕು. ಮೈಸೂರಿನ ಕುವೆಂಪುನಗರ ಬಿಟ್ಟು ನ್ಯೂಜೆರ್ಸಿಯ ಎಡಿಸನ್ ಊರಿಗೆ ಬಂದಿಳಿದ ಗಂಡ, ಹೆಂಡತಿ, ಏಳು ವರ್ಷದ ಮಗಳ ಸಂಸಾರ ಮೊದಲು ಕೊಂಡದ್ದು ಹಾಲು. ಅರ್ಧ ಲೀಟರಿನ ನಂದಿನಿ ಪ್ಯಾಕೆಟ್ಟಿಗೆ ಒಗ್ಗಿದ್ದವರ ಕೈಗೆ ಒಂದು ಗ್ಯಾಲನ್ನಿನ ಡಬ್ಬ ಬಂತು. ಲೆಕ್ಕ ಹಾಕಿದರೆ 3.78 ಲೀಟರ್! ಒಂದು ಸೀಮಂತಕ್ಕೆ ಸಾಕು.

ಒಲೆ ಕರೆಂಟಿನದು, ಸುರುಳಿ ಕೆಂಪಗೆ ಕಾಯುವಂಥದ್ದು. ಗ್ಯಾಸ್ ಒಲೆಯ ಕಿವಿ ಹಿಂಡಿದರೆ ಉರಿ ಆ ಕ್ಷಣವೇ ತಗ್ಗುತ್ತದೆ. ಈ ಸುರುಳಿಗೆ ಆರಿಸಿದ ಮೇಲೂ ಸಿಟ್ಟು ಇಳಿಯುವುದಿಲ್ಲ. ಹಾಲು ಉಕ್ಕಿತು, ಉಕ್ಕುತ್ತಲೇ ಹೋಯಿತು, ಸುರುಳಿಯ ಮೇಲೆ ಸುರಿದು ಸೀದು ಹೊಗೆಯಾಯಿತು. ಚಾವಣಿಯಲ್ಲಿದ್ದ ಸ್ಮೋಕ್ ಅಲಾರಂ ಕಿಟಾರನೆ ಕಿರುಚಿತು.

"ರೀ, ಟವೆಲ್ ಬೀಸ್ರೀ!"

ಗಂಡ ಕುರ್ಚಿ ಹತ್ತಿ ಟವೆಲ್ ಬೀಸಿದ. ಹಾಲು ಉಕ್ಕಿಸುವಾಗ ಮಂಗಳವಾದ್ಯದ ಕೊರತೆಯೊಂದಿತ್ತು, ಅದೂ ನೀಗಿತು.

ಅಂದಿನಿಂದ ಚಾವಣಿಯ ಆ ಬಿಳಿ ಬಿಲ್ಲೆಗೆ ಮನೆಯಲ್ಲಿ 'ಅತ್ತೆ' ಎಂದು ಹೆಸರು. ಇಟ್ಟವಳು ಸೊಸೆ, ಮಗನಾದವನು ಕೇಳಿಸದವನಂತೆ ಇದ್ದುಬಿಟ್ಟ. ಒಗ್ಗರಣೆಗೆ ಬ್ಯಾಡಗಿ ಮೆಣಸಿನಕಾಯಿ ಬಿದ್ದರೆ ಸಾಕು, ಅತ್ತೆ ಶುರು. ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಮ್ಮಿ ಎಂಬ ರಿಯಾಯಿತಿಯನ್ನೂ ಆಕೆ ಕೊಡುವುದಿಲ್ಲ. ಒಲೆಯ ಮೇಲಿನ ಫ್ಯಾನು ಸಹಾಯಕ್ಕೆ ಬರುತ್ತದೆಯೇ ಎಂದರೆ, ಅದು ಹೊಗೆಯನ್ನು ಆಚೆಗೆ ಕಳಿಸುವುದೇ ಇಲ್ಲ. ಕಾಟಾಚಾರಕ್ಕೆ ಸೋಸಿ ಮತ್ತೆ ಅಡುಗೆಮನೆಗೇ ಬಿಡುತ್ತದೆ. ಹೀಗಾಗಿ "ಒಗ್ಗರಣೆ ಹಾಕ್ತಿದೀನಿ" ಎಂಬ ಕೂಗು ಬಿದ್ದೊಡನೆ ಗಂಡ ಆಫೀಸಿನ ಮೀಟಿಂಗಿನಲ್ಲಿ ತನ್ನ ಮೈಕು ಮುಚ್ಚಿ, ಟವೆಲ್ ಹಿಡಿದು ಓಡಿಬರುವುದು ರೂಢಿಯಾಯಿತು.

ಇನ್ನು ಮಿಕ್ಸಿ. 23 ಕಿಲೋದ ಪೆಟ್ಟಿಗೆಯಲ್ಲಿ ಎರಡು ರೇಷ್ಮೆ ಸೀರೆಗಳನ್ನು ಬಲಿ ಕೊಟ್ಟು ಜಾಗ ಮಾಡಿ ತಂದದ್ದು. ಪಿನ್ನಿಗೊಂದು ಅಡಾಪ್ಟರ್ ಸಿಕ್ಕಿಸಿ ಚಾಲೂ ಮಾಡಿದರೆ ದಸರಾ ಮುಗಿಸಿ ಕಾಡಿಗೆ ಹೊರಟ ಆನೆಯ ಹಾಗೆ ನಿಧಾನ. ಉದ್ದಿನಬೇಳೆಯನ್ನು ಅರೆಯಲಿಲ್ಲ, ಪ್ರದಕ್ಷಿಣೆ ಹಾಕಿಸಿತು. ಪಾಪ, ಅದು ಬೆಳೆದದ್ದು 230 ವೋಲ್ಟಿನ ಅನ್ನ ತಿಂದು. ಅಮೆರಿಕದ ಗೋಡೆಯಲ್ಲಿ ಬರುವುದು 120. ಇದಕ್ಕೆ ಕಾರಣಪುರುಷನನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಊರಿನ ಹೆಸರೇ ಹೇಳುತ್ತದೆ. ಥಾಮಸ್ ಆಲ್ವಾ ಎಡಿಸನ್ ತನ್ನ ಬಲ್ಬುಗಳಿಗೆ ಸುಮಾರು 110 ವೋಲ್ಟ್ ಸಾಕೆಂದು ಗೊತ್ತುಮಾಡಿದ. ದೇಶ ಆ ಲೆಕ್ಕದ ಸುತ್ತಲೇ ತಂತಿ ಎಳೆಯಿತು. ಅವನ ಪ್ರಯೋಗಶಾಲೆಯಿದ್ದ ಮೆನ್ಲೋ ಪಾರ್ಕ್ ಇರುವುದು ಇದೇ ಊರಿನಲ್ಲಿ. 1879ರ ಡಿಸೆಂಬರ್ 31ರಂದು ಅವನು ಜನರನ್ನು ಕರೆದು ಬಲ್ಬು ಬೆಳಗಿಸಿ ತೋರಿಸಿದ್ದು ಅಲ್ಲೇ. ರಾರಿಟನ್ ಎಂದಿದ್ದ ಊರು 1954ರಲ್ಲಿ ಅವನ ಹೆಸರು ಇಟ್ಟುಕೊಂಡಿತು. ಆ ಜಾಗದಲ್ಲೀಗ ಒಂದು ಗೋಪುರ, ಅದರ ನೆತ್ತಿಯ ಮೇಲೆ 13 ಅಡಿಗೂ ಮೀರಿದ ಗಾಜಿನ ಬಲ್ಬು.

"ನಮ್ಗೂ ಇವ್ರಿಗೂ ಹಳೇ ನಂಟು ಕಣೆ" ಎಂದು ಗಂಡ ಇತಿಹಾಸ ತೆಗೆದ. "1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ಶುರುವಾದಾಗ ಯಂತ್ರ ಕೊಟ್ಟಿದ್ದು ಜನರಲ್ ಎಲೆಕ್ಟ್ರಿಕ್. ಅದರಲ್ಲಿ ಎಡಿಸನ್ನನ ಕಂಪನಿಯೂ ಸೇರಿತ್ತು."

"ಆಗ್ಲೇ ಯಾರಾದ್ರೂ ವೋಲ್ಟೇಜ್ ಬಗ್ಗೆ ಒಂದು ಮಾತು ಆಡ್ಬಾರ್ದಿತ್ತಾ?"

ಓಕ್ ಟ್ರೀ ರೋಡಿನಲ್ಲಿ ಸೀರೆಯಿಂದ ಸಾರಿನ ಪುಡಿಯವರೆಗೆ ಸಿಗದ ವಸ್ತುವಿಲ್ಲ. ಅಲ್ಲಿ 110 ವೋಲ್ಟಿನ ಮಿಕ್ಸಿ ಕೊಂಡು ಬಂದರು. ಮೈಸೂರಿನದು ಬೀರುವಿನ ಮೇಲೆ ವಿಶ್ರಾಂತ ಜೀವನಕ್ಕೆ ಹೋಯಿತು.

ಬೇಳೆ ನುಣ್ಣಗಾಯಿತು, ಆದರೆ ಹಿಟ್ಟು ಹುದುಗು ಬರಲಿಲ್ಲ. ಜನವರಿ. ಹೊರಗೆ ಮಂಜು, ಒಳಗೆ ಹೀಟರು 68 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 20. ಹಿಟ್ಟು ಉಬ್ಬಿಸುವ ಬ್ಯಾಕ್ಟೀರಿಯಗಳಿಗೆ ಮೂವತ್ತರ ಆಸುಪಾಸಿನ ಬೆಚ್ಚಗೆ ಬೇಕು. ಮೊದಲ ರಾತ್ರಿ ಹಿಟ್ಟು ಬಿಟ್ಟಲ್ಲೇ ಬಿದ್ದಿತ್ತು. ಎರಡನೆಯ ರಾತ್ರಿ ಶಾಲು ಹೊದಿಸಿದ್ದಾಯಿತು. ಮೂರನೆಯ ರಾತ್ರಿ ಹೀಟರಿನ ಜಾಲರಿಯ ಪಕ್ಕ ಮಲಗಿಸಿ, ಮಗುವಿಗೆ ಜ್ವರ ನೋಡುವಂತೆ ಗಂಟೆಗೊಮ್ಮೆ ಎದ್ದು ಮುಟ್ಟಿ ನೋಡಿದಳು. ಬೆಳಿಗ್ಗೆ ಇಡ್ಲಿಗಳನ್ನು ಮಗಳು ತಟ್ಟೆಯ ಮೇಲೆ ಟಕ್ ಟಕ್ ಎಂದು ಬಡಿದು ತೋರಿಸಿದಳು.

ಇಷ್ಟೊಂದು ಹಟ ಯಾಕೆ ಎನ್ನುವವರು ಒಂದು ಮಾತು ತಿಳಿದಿರಬೇಕು. ಮೈಸೂರಿನ ಬ್ಯಾಂಕಿನಲ್ಲಿ ದಿನಕ್ಕೆ ನೂರು ಜನರ ಲೆಕ್ಕ ಚುಕ್ತಾ ಮಾಡುತ್ತಿದ್ದವಳು ಆಕೆ. ಇಲ್ಲಿ ಗಂಡನ ವೀಸಾಕ್ಕೆ ಜೋತುಬಿದ್ದ ಎಚ್‌4 ವೀಸಾ, ಸಂಬಳದ ಕೆಲಸ ಮಾಡುವ ಹಾಗಿಲ್ಲ. 2015ರಲ್ಲಿ ನಿಯಮ ಸ್ವಲ್ಪ ಸಡಿಲವಾಯಿತು ನಿಜ, ಆದರೆ ಅದಕ್ಕೆ ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿರಬೇಕು. ಮೊನ್ನೆ ಬಂದವರಿಗೆ ಆ ಹಂತ ಎಲ್ಲಿಂದ ಬರಬೇಕು? ಕೈಯಲ್ಲಿದ್ದ ಏಕೈಕ ಖಾತೆ ಇಡ್ಲಿ ಹಿಟ್ಟಿನದು. ಅದೂ ಮುಳುಗಿದರೆ ಹೇಗೆ?

ಉಪಾಯ ಹೇಳಿಕೊಟ್ಟವರು ಲಾಂಡ್ರಿ ಕೋಣೆಯಲ್ಲಿ ಸಿಕ್ಕ ಹಾಸನದ ಅಜ್ಜಿ. "ಓವನ್ ಹಚ್ಬೇಡ ಮಗಾ. ಒಳಗೆ ಹಿಟ್ಟಿಟ್ಟು ದೀಪ ಮಾತ್ರ ಹಚ್ಚು." ಓವನ್ ಒಳಗಿನ ಪುಟ್ಟ ಬಲ್ಬಿನ ಬಿಸಿಗೆ ಬೆಳಗಾಗುವುದರೊಳಗೆ ಹಿಟ್ಟು ಮುಚ್ಚಳ ಎತ್ತಿ ಇಣುಕುತ್ತಿತ್ತು. ಮಿಕ್ಸಿಯ ವಿಷಯದಲ್ಲಿ ಎಡಿಸನ್ನನ ಮೇಲಿದ್ದ ಮುನಿಸು ಆವತ್ತಿಗೆ ಅರ್ಧ ಇಳಿಯಿತು. ಸಂಜೆ ಆ ದೀಪ ಹಾಕುವಾಗ ಆಕೆಯ ಕೈ ತಾನಾಗಿ ಕೆನ್ನೆಗೆ ಹೋಗುತ್ತದೆ ಎಂದು ಗಂಡನ ವರದಿ.

ಎರಡು ತಿಂಗಳು ಸುಖವಾಗಿತ್ತು. ಒಂದು ಶುಕ್ರವಾರ ಮಗಳಿಗೆ ಪಿಜ್ಜಾ ಬೇಕೆನಿಸಿತು. ಗಂಡ ಡಬ್ಬದ ಮೇಲೆ ಬರೆದಂತೆ ಓವನ್ನನ್ನು 400 ಡಿಗ್ರಿಗೆ ಒತ್ತಿ, ಕಾಯಲಿ ಎಂದು ಟೀವಿ ಮುಂದೆ ಕೂತ. ಕಾಲು ಗಂಟೆಯಲ್ಲಿ ಅತ್ತೆ ಕಿರುಚಿದಳು. ಬಾಗಿಲು ತೆರೆದರೆ ಪಾತ್ರೆಯಲ್ಲಿ ಕಂದುಬಣ್ಣದ ಗುಡ್ಡ, ಮೇಲೆ ಬಿರುಕು, ಒಳಗೆ ಹಸಿ. ಮುದ್ದೆಗೂ ಪಾವ್ ಬ್ರೆಡ್ಡಿಗೂ ಸಂಬಂಧ ಬೆಳೆದಂತೆ.

"ಒಳಗೆ ನೋಡೋಕೇನಾಗಿತ್ತು ನಿಮ್ಗೆ?"

"ಓವನ್‌ನಲ್ಲಿ ಹಿಟ್ಟಿರುತ್ತೆ ಅಂತ ಯಾರು ಅಂದ್ಕೋತಾರೆ?"

"ಇನ್ನೆಲ್ಲಿರುತ್ತೆ?"

ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ (ಯುಗಾದಿ ಬುಧವಾರ ಬಂದರೂ ಒಬ್ಬಟ್ಟು ಶನಿವಾರವೇ) ಈ ಕತೆ ಹೇಳಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಮುಂದಿದ್ದವರೊಬ್ಬರು ತಮ್ಮ ಓವನ್ನಿನ ಕತೆ ತೆಗೆದರು, ಹಿಂದಿದ್ದವರು ಪ್ಲಾಸ್ಟಿಕ್ ಡಬ್ಬಿಯೂ ಕರಗಿದ ಕತೆ ಹೇಳಿ ಗೆದ್ದರು. ಮನೆಗೆ ಬಂದವರೇ ಓವನ್ನಿಗೊಂದು ಚೀಟಿ ಅಂಟಿಸಿದರು. ಬರೆದದ್ದು ಒತ್ತಕ್ಷರ ಇನ್ನೂ ಬಾರದ ಮಗಳು: 'ಒಳಗೆ ಹಿಟಿದೆ'.

ಮೇ ತಿಂಗಳಲ್ಲಿ ನಿಜವಾದ ಅತ್ತೆ ಆರು ತಿಂಗಳಿಗೆಂದು ಬಂದರು. ಮೂರನೆಯ ದಿನವೇ ಸಾರಿನ ಒಗ್ಗರಣೆಗೆ ಅಲಾರಂ ಹೊಡೆದುಕೊಂಡಿತು. "ಅಮ್ಮಾ, ಅತ್ತೆ ಕಿರುಚ್ತಿದಾಳೆ!" ಎಂದು ಮಗಳು ಕೂಗಿದಳು.

"ನಾನೆಲ್ಲಿ ಕಿರುಚಿದ್ನೇ?" ದೇವರ ಮುಂದಿನಿಂದ ದನಿ ಬಂತು.

ಟವೆಲ್ ಬೀಸುತ್ತಿದ್ದವನ ಕೈ ಗಾಳಿಯಲ್ಲೇ ನಿಂತಿತು. ವಾತಾವರಣ ತಿಳಿಯಾಗಲೆಂದು ಭಾನುವಾರ ಅಮ್ಮನನ್ನು ಮೆನ್ಲೋ ಪಾರ್ಕಿಗೆ ಕರೆದೊಯ್ದ. ಗೋಪುರ ತೋರಿಸಿ 1879ನ್ನೂ ಶಿವನಸಮುದ್ರವನ್ನೂ ವಿವರಿಸಿದ. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಆ ಭಾರಿ ಬಲ್ಬನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಇದರ ಕೆಳಗೆ ಇಟ್ರೆ ಎಷ್ಟು ಸೇರು ಹಿಟ್ಟು ಉಬ್ಬೀತೇ?"