ಕೋಡ್ ಫ್ರೀಜ್ ಕಾಲದ ಓದು

ಡಿಸೆಂಬರ್ ಮೂರನೇ ವಾರ ಮುಗಿಯುವ ಹೊತ್ತಿಗೆ ಬೆಂಗಳೂರಿನ ಎಷ್ಟೋ ಸಾಫ್ಟ್‌ವೇರ್ ಕಂಪನಿಗಳಲ್ಲಿ ‘ಕೋಡ್ ಫ್ರೀಜ್’ ಶುರುವಾಗುತ್ತದೆ. ಆಮೇಲೆ ಹೊಸ ವರ್ಷದವರೆಗೆ ಆ ಕೋಡು ಗಳುವಿನ ಮೇಲೆ ಒಣಹಾಕಿದ ಮಡಿಬಟ್ಟೆ. ಯಾರೂ ಮುಟ್ಟುವ ಹಾಗಿಲ್ಲ. ಔಟರ್ ರಿಂಗ್ ರೋಡಿನಲ್ಲಿ ಗಾಡಿಗಳು ಮೂರನೇ ಗೇರಿನವರೆಗೂ ಹೋಗುತ್ತವೆ. ಸಕಲೇಶಪುರ, ಚಿಕ್ಕಮಗಳೂರು ಕಡೆಯ ಹೋಂಸ್ಟೇಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥ ಹೊತ್ತಿನಲ್ಲೇ ನನ್ನ ಅಕ್ಕನ ಮಗ ಫೋನು ಮಾಡಿದ.

“ಮಾಮಾ, ಒಂದು ವಾರ ರಜ. ಏನಾದ್ರೂ ಓದೋಕೆ ಹೇಳಿ. ಎಐ ಬಗ್ಗೆ ಇದ್ರೆ ಒಳ್ಳೇದು.”

ಅವನ ಕೆಲಸವೇ ಎಐ. ವರ್ಷವಿಡೀ ಅದನ್ನೇ ಉಂಡು ತೇಗುವವನಿಗೆ ರಜದಲ್ಲೂ ಅದೇ ಬೇಕೇ ಎಂದು ಕೇಳಬಹುದಿತ್ತು. ಆದರೆ ಬುದ್ಧಿ ಹೇಳುವ ಸೋದರಮಾವಂದಿರಿಗೆ ಎರಡನೇ ಫೋನು ಬರುವುದಿಲ್ಲ.

ಈ ಕಸುಬಿನವರ ಕಪಾಟು ನನಗೆ ಗೊತ್ತು. ಡಗ್ಲಾಸ್ ಹಾಫ್‌ಸ್ಟಾಟರ್ ಬರೆದ ‘ಗೋಡೆಲ್, ಎಷರ್, ಬಾಕ್’ ಅಲ್ಲಿ ಇದ್ದೇ ಇರುತ್ತದೆ. 1979ರಲ್ಲಿ ಬಂದದ್ದು, ಪುಲಿಟ್ಜರ್ ಪಡೆದದ್ದು, ಏಳುನೂರು ಪುಟ ದಾಟಿದ್ದು. ನಾನು ಕಂಡ ಪ್ರತಿಗಳಲ್ಲಿ ಹೆಚ್ಚಿನವು ಮಾನಿಟರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುವ ಸೇವೆಯಲ್ಲಿವೆ. ಇನ್ನೊಂದು ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದ ‘ದಿ ಮಿಥಿಕಲ್ ಮ್ಯಾನ್-ಮಂತ್’. ತಡವಾದ ಪ್ರಾಜೆಕ್ಟಿಗೆ ಇನ್ನಷ್ಟು ಜನರನ್ನು ತಂದು ತುಂಬಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬುದು ಅದರ ತಿರುಳು. ಓದಬೇಕಾದವರು ಮ್ಯಾನೇಜರುಗಳು, ಓದಿ ಕೊರಗುವವರು ಅವರ ಕೈಕೆಳಗಿನವರು. ರಜಕ್ಕೆ ಎರಡೂ ಬೇಡ.

“ಫ್ರಾಂಕನ್‌ಸ್ಟೈನ್ ಓದು” ಅಂದೆ.

“ಅದು ದೆವ್ವದ ಸಿನಿಮಾ ಅಲ್ವಾ ಮಾಮಾ?”

ಸಿನಿಮಾದವರು ಕುತ್ತಿಗೆಗೆ ಬೋಲ್ಟು ಸಿಕ್ಕಿಸಿ ಆ ಕಥೆಯ ಮರ್ಯಾದೆ ತೆಗೆದಿದ್ದಾರೆ. ಅದು ಹುಟ್ಟಿದ್ದೇ ಒಂದು ಕೆಟ್ಟುಹೋದ ರಜದಲ್ಲಿ. 1815ರಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡಕ್ಕೆ ಹಾಯಾಗಿರಲು ಬಂದಿದ್ದ ಬೈರನ್, ಶೆಲ್ಲಿ, ಮೇರಿ ಎಲ್ಲರೂ ಮಳೆಗೆ ಮನೆಯೊಳಗೇ ಬಂದಿ. ಪುಣ್ಯಕ್ಕೆ ವೈಫೈ ಇರಲಿಲ್ಲ. ಜರ್ಮನ್ ದೆವ್ವದ ಕಥೆಗಳ ಫ್ರೆಂಚ್ ಅನುವಾದವೊಂದು ಕೈಗೆ ಸಿಕ್ಕಿತು. ಅದನ್ನು ಓದಿ ಹುರುಪೆದ್ದ ಬೈರನ್, ನಾವೂ ಒಂದೊಂದು ಬರೆಯೋಣ ಎಂದ. ಮಹಾಕವಿಗಳಿಬ್ಬರೂ ಅರ್ಧಕ್ಕೇ ಕೈಬಿಟ್ಟರು. ಹದಿನೆಂಟರ ಹುಡುಗಿ ಮೇರಿ ಮಾತ್ರ ಬಿಡಲಿಲ್ಲ. ಅವಳ ಕಾದಂಬರಿ 1818ರಲ್ಲಿ, ಲೇಖಕಿಯ ಹೆಸರಿಲ್ಲದೆ, ಅಚ್ಚಾಯಿತು.

ಅದರೊಳಗಿನ ವಿಕ್ಟರ್ ತಾನು ಮಾಡಿದ ಜೀವ ಕಣ್ಣು ಬಿಟ್ಟ ಕೂಡಲೇ ಪರಾರಿ. ರಿಲೀಸ್ ಮಾಡಿ ಸಪೋರ್ಟ್ ಕೊಡದೆ ಓಡಿದವರ ವಂಶಕ್ಕೆ ಅವನೇ ಮೂಲಪುರುಷ ಎಂದು ನನ್ನ ಅಂದಾಜು. ಅನಾಥವಾದ ಆ ಜೀವ ಒಂದು ಮನೆಯ ಒತ್ತಿನಲ್ಲಿ ಅಡಗಿ, ಗೋಡೆಯ ಸಂದಿಗೆ ಕಣ್ಣಿಟ್ಟು, ಒಳಗಿನವರ ಮಾತು ಕೇಳಿ ಕೇಳಿ ಭಾಷೆ ಕಲಿಯುತ್ತದೆ. ಒಂದು ದಿನ ಕಾಡಿನಲ್ಲಿ ಅದಕ್ಕೊಂದು ಚೀಲ ಸಿಗುತ್ತದೆ. ಒಳಗೆ ಒಂದಷ್ಟು ಬಟ್ಟೆ, ಜೊತೆಗೆ ಮೂರು ಪುಸ್ತಕ: ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’, ಪ್ಲುಟಾರ್ಕ್ ಬರೆದ ಮಹಾಪುರುಷರ ಚರಿತ್ರೆ, ಗಯಟೆಯ ವರ್ಥರನ ಕಥೆ. ಅಷ್ಟೇ ಅದರ ಟ್ರೇನಿಂಗ್ ಡೇಟಾ. ಅಷ್ಟನ್ನು ಓದಿಕೊಂಡೇ, ತನ್ನನ್ನು ಹುಟ್ಟಿಸಿದವನನ್ನು ಆಲ್ಪ್ಸ್‌ನ ಹಿಮದ ನಡುವೆ ತಡೆದು ನಿಲ್ಲಿಸಿ, ಹೈಕೋರ್ಟ್ ವಕೀಲರು ತಲೆದೂಗುವಂತೆ ವಾದ ಹೂಡುತ್ತದೆ.

“ಮೂರೇ ಪುಸ್ತಕನಾ? ನಮ್ದು ಇಂಟರ್ನೆಟ್ಟೆಲ್ಲಾ ನುಂಗಿದ್ರೂ ಒಂದೊಂದ್ಸಲ ತೊದಲುತ್ತೆ.”

“ಪುಸ್ತಕ ಯಾವುದು ಅಂತ ನೋಡಪ್ಪ” ಅಂದೆ.

ಕನ್ನಡದ್ದೂ ಒಂದು ಇರಲಿ ಎಂದು ತೇಜಸ್ವಿಯವರ ‘ಕರ್ವಾಲೊ’ ಹೆಸರು ಎತ್ತಿದೆ. “ಅದರ ಸಮರಿ ಓದಿದ್ದೀನಿ ಮಾಮಾ. ಹಾರೋ ಓತಿ ಹುಡುಕ್ಕೊಂಡು ಕಾಡಿಗೆ ಹೋಗ್ತಾರೆ, ಕೊನೆಗೆ ಅದು ಕೈಗೆ ಸಿಗಲ್ಲ.” ಯಂತ್ರ ಒಂದೇ ಉಸಿರಿಗೆ ಒಪ್ಪಿಸಿದ್ದಂತೆ. ತಪ್ಪೇನೂ ಹೇಳಿಲ್ಲ. ಆದರೆ ಆ ಸಾರಾಂಶದಲ್ಲಿ ಬಿರಿಯಾನಿ ಕರಿಯಪ್ಪನಿಲ್ಲ, ಕಿವಿ ಎಂಬ ನಾಯಿಯಿಲ್ಲ. ಅವರಿಬ್ಬರನ್ನೂ ಬಿಟ್ಟು ‘ಕರ್ವಾಲೊ’ ಓದುವುದೆಂದರೆ ಮದುವೆಗೆ ಹೋಗಿ ಲಗ್ನಪತ್ರಿಕೆಯನ್ನಷ್ಟೇ ನೋಡಿ ಬಂದದ್ದಕ್ಕೆ ಸಮ.

1980ರಲ್ಲಿ ಬಂದ ಈ ಪುಸ್ತಕವನ್ನು ಎಐ ಜನ ಓದಬೇಕು ಎನ್ನುವುದಕ್ಕೆ ನನ್ನ ಕಾರಣ ಓತಿಯಲ್ಲ, ಮಂದಣ್ಣ. ಊರಿನವರ ಲೆಕ್ಕದಲ್ಲಿ ಅವನು ಕೆಲಸಕ್ಕೆ ಬಾರದ ಆಸಾಮಿ. ಜೇನು ಹಿಡಿಯುತ್ತಾ ಅಲೆಯುವವನು. ವಿಜ್ಞಾನಿ ಕರ್ವಾಲೊ ಮಾತ್ರ ಅವನ ಬೆನ್ನು ಬಿಡುವುದಿಲ್ಲ. ಆ ಓತಿಯನ್ನು ಕಣ್ಣಾರೆ ಕಂಡವನು ಅವನು. ಡೇಟಾ ಡೇಟಾ ಎಂದು ಹಗಲಿರುಳು ಜಪಿಸುವವರು ಅದು ಯಾರ ಕಣ್ಣಿನಿಂದ ಬಂತು, ಅವನ ಪಾಡು ಏನಾಯಿತು ಎಂಬುದನ್ನು ಒಮ್ಮೆ ಓದಿ ನೋಡಲಿ. ತೇಜಸ್ವಿಯವರೇನೂ ಯಂತ್ರದ ವೈರಿಯಲ್ಲ; ಕನ್ನಡಕ್ಕೆ ಒಳ್ಳೆಯ ತಂತ್ರಾಂಶ ಬೇಕೆಂದು ಹಟ ಹಿಡಿದವರು.

ಸ್ಟಾಕ್ ಆಪ್ಷನ್ ಕೈಗೆ ಬಂದವರಿಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ದಿಢೀರನೆ ದುಡ್ಡು ಬಂದ ಮನೆಯೊಂದರ ಕಥೆ. ಪುಟ್ಟ ಪುಸ್ತಕ. ಹೆಚ್ಚು ಹೇಳುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಓದಿ.

ಹೊರಡುವವರಿಗೆ ಒಂದೆರಡು ಮಾತು. ಘಾಟಿಯ ತಿರುವುಗಳಲ್ಲಿ ಕಾರಿನಲ್ಲಿ ಓದಬೇಡಿ, ಹೊಟ್ಟೆ ತೊಳಸುತ್ತದೆ, ಸಕಲೇಶಪುರಕ್ಕೆ ರೈಲಿದೆ. ಒಂದೇ ಪುಸ್ತಕ ಒಯ್ಯಿರಿ, ಅದೂ ಕಾಗದದ್ದು. ಸಂಜೆ ಆ ಕಡೆ ಕರೆಂಟು ಹೋಗುವುದುಂಟು, ಟಾರ್ಚ್ ಮರೆಯಬೇಡಿ.